ಕಡಲ ಇಂಗ್ಲಿಷು

ಬಟೂಮಿಯ ನಾವಿಕ ಶಾಲೆ, ಮೂರನೇ ಮಹಡಿ.
ತಂತಿ ಕಿತ್ತ ರೇಡಿಯೊ ಹನ್ನೊಂದು, ಹುಡುಗರು ಇಪ್ಪತ್ತಮೂರು.
ಕಿಟಕಿಯಾಚೆ ಕಪ್ಪು ಸಮುದ್ರ. ಹೆಸರಿಗಷ್ಟೇ ಕಪ್ಪು,
ಇವತ್ತು ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣ.

ಮೊದಲ ಪಾಠ ಪ್ರತಿ ವರ್ಷವೂ ಇದೇ:
ಮೇ, ಮೈಟ್, ಕುಡ್, ಶುಡ್,
ನಾಲ್ಕನ್ನೂ ಕಿಟಕಿಯಿಂದ ಆಚೆ ಎಸೆಯಿರಿ.
ಕಡಲಲ್ಲಿ ಅಡ್ಡಗೋಡೆಯೇ ಇಲ್ಲ,
ದೀಪ ಇಡುವುದೆಲ್ಲಿ?
ಚುಕ್ಕಾಣಿಗೆ ಫಿಲಿಪೀನ್ಸಿನವ, ದಡದಲ್ಲಿ ತುರ್ಕಿಯವ,
ಎಳೆಯುವ ದೋಣಿಯಲ್ಲಿ ನಿದ್ದೆಗೆಟ್ಟ ಗ್ರೀಕ.
ಯಾರ ಅಮ್ಮನೂ ಈ ಇಂಗ್ಲಿಷಿನಲ್ಲಿ ಲಾಲಿ ಹಾಡಿಲ್ಲ.
ಆದ್ದರಿಂದ, ಆಡುವ ಮೊದಲು
ಆಡಹೊರಟದ್ದು ಎಂಥ ಮಾತು ಅಂತ ಹೇಳಿ.
ಕ್ವೆಶ್ಚನ್, ಅಂದು ಕೇಳಿ.
ಆನ್ಸರ್, ಅಂದು ಹೇಳಿ.
ವಾರ್ನಿಂಗ್, ಅಂದಮೇಲೆ ಹೆದರಿಸಿ.
ಅಂಕಿಗಳನ್ನು ಬೆಳ್ಳುಳ್ಳಿ ಎಸಳಿನ ಹಾಗೆ ಬಿಡಿಸಿ:
ಹದಿನೈದಲ್ಲ, ವನ್ ಫೈವ್.
ತಪ್ಪಾಯಿತೋ, ನಾಚಬೇಡಿ. ಮಿಸ್ಟೇಕ್ ಅನ್ನಿ.
ಆಮೇಲೆ ಕರೆಕ್ಷನ್. ಆಮೇಲೆ ನಿಜ.

ಖೂಲೋ ಬೆಟ್ಟದ ಮಲ್ಖಾಜನಿಗೆ ಇದು ಒಗ್ಗುವುದಿಲ್ಲ.
ಅವನ ಊರಲ್ಲಿ ಚಿಟಿಕೆ ಉಪ್ಪು ಕೇಳಬೇಕಾದರೂ
ಮೊದಲು ಹಸುವಿನ ಆರೋಗ್ಯ ವಿಚಾರಿಸಬೇಕು.
ಮೈಕು ಹಿಡಿದು, ಕಿವಿ ಕೆಂಪಗಾಗಿ, ಅಂದ:
"ತಮಗೆ ತೊಂದರೆಯಿಲ್ಲ ಅಂದರೆ, ಪ್ರಾಯಶಃ,
ನಾವು ಸ್ವಲ್ಪ ಮುಳುಗುತ್ತಿರಬಹುದು."
ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ನಾನೂ.
ಐ ಆಮ್ ಸಿಂಕಿಂಗ್, ಮಗೂ. ಮೂರೇ ಪದ.
ಕಡ್ಡಿ ಮುರಿದ ಹಾಗೆ.

ನಗುತ್ತಿದ್ದವಳ ಚೀಲದಲ್ಲಿ ಆಸ್ಪತ್ರೆಯ ಲಕೋಟೆ,
ಒಂಬತ್ತು ದಿನದ್ದು.

ನಮ್ಮ ಡಾಕ್ಟರು ರೋಗಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದರು,
ಅದೂ ಕಾರಿಡಾರಿನಲ್ಲಿ, ಗೋಡೆಯ ಕಡೆ ತಿರುಗಿ.
ಹೆಂಡತಿ ನಾದಿನಿಗೆ, ನಾದಿನಿ ಬೀದಿಗೆ.
ಬೀದಿಯೆಲ್ಲ ಬಂದು ಜೆಮಾಲನ ಎದುರು ಕೂತು,
ಕೆನ್ನೆಯ ಬಣ್ಣ ಹೊಗಳಿ,
ಎಳೆ ಅಕ್ರೋಟಿನ ಮುರಬ್ಬ ಇಟ್ಟು,
ಮುಂದಿನ ಶರತ್ಕಾಲದ ಹೊಸ ವೈನಿಗೆ
ಮೊದಲ ಮಾತು ನೀನೇ ಆಡಬೇಕು ಅಂತ
ಬಾಗಿಲಾಚೆ ಹೋಗಿ ಮೂಗು ಒರೆಸಿಕೊಂಡರು.

ಇಪ್ಪತ್ತೆಂಟು ವರ್ಷ ಸರಕು ಹಡಗಿನಲ್ಲಿ ಸೆಕೆಂಡ್ ಮೇಟ್ ಆಗಿದ್ದವ.
ರಾತ್ರಿ ಮ್ಯಾಂಡರಿನ್ ಸುಲಿಯುತ್ತಿದ್ದ,
ಸಿಪ್ಪೆ ಹರಿಯದಂತೆ ಒಂದೇ ಸುರುಳಿ. ಅದೊಂದು ಜಂಬ ಅವನಿಗೆ.
ತಲೆ ಎತ್ತದೆ ಅಂದ:
ಕ್ವೆಶ್ಚನ್. ವಾಟ್ ಈಸ್ ಮೈ ಪೊಸಿಷನ್?

ಮೂವತ್ತೊಂದು ವರ್ಷದ ಸಂಸಾರ. ಮನೆಯೊಳಗೆ
ಇಂಗ್ಲಿಷು ಆಡಿದವರಲ್ಲ ನಾವು.
ಫ್ರಿಜ್ಜು ಗುರ್ ಅಂತಿತ್ತು, ಖಾಲಿ ಚಾನೆಲ್ಲಿನ ಹಾಗೆ.
ನಮ್ಮ ಭಾಷೆಯಲ್ಲಾದರೆ ನನಗೆ ಸಾವಿರ ಓಣಿ:
ದೇವರಿದ್ದಾನೆ, ಡಾಕ್ಟರಿಗೇನು ಗೊತ್ತು, ಟೀ ಮಾಡಲಾ.
ಇದರಲ್ಲಿ ಒಂದೇ ದಾರಿ, ನಾನೇ ಕಲಿಸಿದ್ದು.
ಆನ್ಸರ್. ಝೀರೋ ನೈನ್ ಮಂತ್ಸ್.
ಅವನು ಕಾದ.
ಸಿಪ್ಪೆ ಹರಿಯಿತು.
ಮಿಸ್ಟೇಕ್, ಅಂದೆ.
ಕರೆಕ್ಷನ್. ಝೀರೋ ಫೋರ್.

ರಿಸೀವ್ಡ್, ಅಂದ.
ಸಿಟ್ಟಿಲ್ಲ, ನಡುಕವಿಲ್ಲ, ಬಂದರಿಗೆ ಹೇಳುವ ದನಿ.
ಅರ್ಧ ಹಣ್ಣು ನನ್ನ ಕೈಯಲ್ಲಿಟ್ಟ.
ಹುಳಿ. ಅವಸರಕ್ಕೆ ಕೊಯ್ದದ್ದು.

ಆಮೇಲೆ ನಮ್ಮ ಭಾಷೆಗೆ ಮರಳಿ
ಶೇನಿ ಚಿರಿಮೆ, ಅಂದ.
ನಿನ್ನ ನೋವು ನನಗಿರಲಿ ಅಂತ ಅದರ ಅರ್ಥ.
ತರಕಾರಿಯವಳಿಗೂ, ಬಸ್ಸಿನ ಚಿಲ್ಲರೆಗೂ ಆಡಿ ಆಡಿ
ನಾಣ್ಯದ ಮುಖದಂತೆ ಸವೆದದ್ದು.
ನಾನು ಹೇಳಬೇಕಿತ್ತು, ಅವನು ಹೇಳಿದ.
ಅದರಲ್ಲಿ ಮೇ ಇರಲಿಲ್ಲ, ಮೈಟ್ ಇರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಕ್ಲಾಸು.
ಮಲ್ಖಾಜ್ ರಾತ್ರಿಯೆಲ್ಲ ಉರು ಹೊಡೆದಿದ್ದಾನೆ.
ಎದ್ದು ನಿಂತ, ಕಿಟಕಿಯ ಗಾಜು ಅದುರುವಂತೆ:
ಐ ಆಮ್ ಸಿಂಕಿಂಗ್!
ಸರಿ, ಅಂದೆ.
ಸೇ ಅಗೇನ್.